ಹ್ಯಾಂಡಲ್ ಇಳಿಸಿ ಸೋತೆ
ಹೋದ ಸಲ 20 ಕಿ.ಮೀ. ಟೈಮ್ ಟ್ರಯಲ್‌ಗೆ ಹ್ಯಾಂಡಲ್‌ಬಾರ್ ಪೂರ್ತಿ ಇಳಿಸಿಕೊಂಡು ಹೋಗಿದ್ದೆ. ಫೋಟೋದಲ್ಲಿ ಥೇಟ್ ಪ್ರೊ! ಆದರೆ 8ನೇ ಕಿಲೋಮೀಟರಿಗೇ ಕುತ್ತಿಗೆ ಹಿಡ್ಕೊಂಡು, ಉಳಿದದ್ದನ್ನೆಲ್ಲ ನೆಟ್ಟಗೆ ಕೂತೇ ತುಳಿದೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ಬೆನ್ನು ಅದೆಷ್ಟು ಬಗ್ಗೀತು ಹೇಳಿ?

ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದರಲ್ಲಿ ಸೈಕಲ್ಲಿಗಿಂತ ನಮ್ಮ ಮೈಯ ಪಾಲೇ ಹೆಚ್ಚು. 1989ರ ಟೂರ್ ಡಿ ಫ್ರಾನ್ಸ್‌ನ ಕೊನೇ ದಿನ 50 ಸೆಕೆಂಡ್ ಹಿಂದಿದ್ದ ಗ್ರೆಗ್ ಲೆಮಾಂಡ್, ಏರೋಬಾರ್ ಮೇಲೆ ಮೊಣಕೈಯೂರಿ ತುಳಿದು 8 ಸೆಕೆಂಡಿನಿಂದ ಗೆದ್ದರು.

ಈ ಸಲ ಬಾರನ್ನು 2 ಸೆಂ.ಮೀ. ಮೇಲೆತ್ತಿದೆ. ಮೊಣಕೈ ಹತ್ತಿರ ತಂದು, ಭುಜ ಕುಗ್ಗಿಸಿ, ತಲೆ ತಗ್ಗಿಸಿದೆ, ಕಣ್ಣು ಮಾತ್ರ ರಸ್ತೆ ಮೇಲೆ. ಕೊನೇವರೆಗೂ ಏಳಲಿಲ್ಲ. 70 ಸೆಕೆಂಡ್ ಉಳೀತು! ದುಬಾರಿ ಚಕ್ರ ಕೊಳ್ಳೋ ಮುಂಚೆ, ಮನೆಯ ಟ್ರೇನರ್ ಮೇಲೆ ನಿಮ್ಮ ಭಂಗಿಯಲ್ಲಿ 20 ನಿಮಿಷ ಅಲುಗದೆ ತುಳಿದು ನೋಡಿ.