ಊರಿನ ನಂಟು ಪರವಾನಗಿಯಲ್ಲ

2024ರ ಜೂನ್‌ನಲ್ಲಿ ಜಪಾನ್ ಸರ್ಕಾರವು, ಸರಕುಗಳು ಸುತ್ತುದಾರಿಯಲ್ಲಿ ರಷ್ಯಾ ಸೇರುವುದನ್ನು ತಡೆಯಲೆಂದು, ಅನ್ಯದೇಶಗಳ ಕೆಲವು ಸಂಸ್ಥೆಗಳಿಗೆ ರಫ್ತು ಮಾಡುವುದನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಸಂಸ್ಥೆಯೊಂದೂ ಇತ್ತು. ನಿರ್ಬಂಧವೆಂಬುದು ದೂರದ ಮಾಸ್ಕೋದ ಮಾತೆಂದು ತಿಳಿದಿದ್ದ ನಮ್ಮ ಕಣ್ಣು ಅಂದು ತೆರೆಯಿತು.

ಊರಿನವರೆಂಬ ವಿಶ್ವಾಸವೇ ನಮ್ಮ ಅನೇಕ ವ್ಯವಹಾರಗಳ ಬಂಡವಾಳ. ಆದರೆ ಇಲ್ಲಿನ ವಿದೇಶಿ ವಿನಿಮಯ ಮತ್ತು ವಿದೇಶಿ ವ್ಯಾಪಾರ ಕಾಯ್ದೆ ನಂಟನ್ನು ನೋಡುವುದಿಲ್ಲ. ಸರಕು ಯಾವುದು, ಕೊಳ್ಳುವವರು ಯಾರು, ಕೊನೆಗೆ ಬಳಸುವವರು ಯಾರು ಎಂಬುದನ್ನಷ್ಟೇ ನೋಡುತ್ತದೆ.

ನಿಯಮವೂ ನಿಂತ ನೀರಲ್ಲ. 1,900 ಸಿ.ಸಿ. ಮೀರಿದ ಎಂಜಿನ್ನಿನ ಕಾರುಗಳನ್ನು ರಷ್ಯಾಕ್ಕೆ ಕಳುಹಿಸುವುದಕ್ಕೆ 2023ರ ಆಗಸ್ಟ್ 9ರಿಂದ ತಡೆ ಬಿದ್ದಿತು. ಜುಲೈನಲ್ಲಿ ಸಲ್ಲುತ್ತಿದ್ದ ಎಷ್ಟೋ ಹಳೆಯ ಕಾರುಗಳ ಸಾಗಣೆ ಆಗಸ್ಟ್‌ನಲ್ಲಿ ಸಲ್ಲದಾಯಿತು.

ಆದ್ದರಿಂದ ಕಳೆದ ವರ್ಷದ ತಪಾಸಣೆಯನ್ನು ನೆಚ್ಚಿ ಕೂರುವಂತಿಲ್ಲ. ಪ್ರತಿ ಸಾಗಣೆಗೂ ಮುನ್ನ ಆರ್ಥಿಕ, ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಇಂದಿನ ಪಟ್ಟಿಯನ್ನು ನೋಡೋಣ. ಸರಕಿನ ಬಳಕೆಯ ಕುರಿತು ಲಿಖಿತ ಹೇಳಿಕೆಯನ್ನು ಪಡೆಯೋಣ. ಪರಿಚಿತರನ್ನು ಹೀಗೆ ಕೇಳಲು ಸಂಕೋಚವೆನಿಸೀತು. ಪ್ರಾಮಾಣಿಕ ವ್ಯಾಪಾರಿ ಉತ್ತರಿಸಲು ಹಿಂಜರಿಯಲಾರರು. ಹಿಂಜರಿದರೆ ಸರಕು ನಮ್ಮ ಗೋದಾಮಿನಲ್ಲಿಯೇ ಉಳಿಯಲಿ. ನಾವು ಕಳುಹಿಸಿದ ಬಿಡಿಭಾಗವೊಂದು ಯಾರದೋ ಮನೆಯ ಮೇಲೆ ಬೀಳುವ ಆಯುಧವನ್ನು ಸೇರುವುದಕ್ಕಿಂತ ಆ ನಷ್ಟವೇ ಲೇಸು.