ಮಾತು ಕಲಿಸಿದವರು, ಕೊಡಲಿ ಹಿಡಿದವರು

ಮಕ್ಕಳೇ, ಕಾಡಿನ ಮರವೊಂದು ನಡೆದು ಬಂದು ನಿಮ್ಮನ್ನು ಮಾತಾಡಿಸಿದರೆ ಹೇಗಿರುತ್ತದೆ? ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟಾಲ್ಕಿನ್ ಅವರ ‘ದಿ ಟೂ ಟವರ್ಸ್’ (1954) ಕಾದಂಬರಿಯಲ್ಲಿ ಅಂಥವರಿದ್ದಾರೆ. ಹೆಸರು ಎಂಟ್. ಲೆಕ್ಕದ ಎಂಟಲ್ಲ! ನೋಡಲು ಮರದಂತೆಯೇ ಇರುವ ಇವರು, ದನಗಾಹಿ ದನ ಕಾಯುವಂತೆ ಮರಗಳನ್ನು ಕಾಯುತ್ತಾರೆ.

ಅದೇ ಕಥೆಯ ಎಲ್ಫ್ ಜನರಿಗೆ ಹಾಡು, ಮಾತು ಎಂದರೆ ಪ್ರಾಣ. ಕಂಡದ್ದನ್ನೆಲ್ಲ ಮಾತಾಡಿಸುವ ಆಸೆ ಅವರಿಗೆ. ಹಿಂದೆ ಮರಗಳನ್ನು ಎಚ್ಚರಿಸಿ, ಎಂಟ್‌ಗಳಿಗೆ ಮಾತು ಕಲಿಸಿದವರು ಅವರೇ. ಆ ಉಪಕಾರವನ್ನು ಎಂಟ್‌ಗಳು ಮರೆತಿಲ್ಲ.

ಕುಳ್ಳಗಿನ ಡ್ವಾರ್ಫ್ ಜನರ ರೀತಿಯೇ ಬೇರೆ. ಗಣಿ ಅಗೆಯುವುದು, ಲೋಹ ಕಾಯಿಸಿ ಬಡಿಯುವುದು ಅವರ ಕಸುಬು. ಕುಲುಮೆ ಉರಿಯಲು ಸೌದೆ ಬೇಕು, ಸೌದೆ ಕಡಿಯಲು ಕೊಡಲಿ ಬೇಕು. ಮರ ಕಾಯುವವರಿಗೆ ಕೊಡಲಿ ಕಂಡರೆ ಆಗುತ್ತದೆಯೇ?

ಒಮ್ಮೆ ಗಿಮ್ಲಿ ಎಂಬ ಡ್ವಾರ್ಫ್, ಹಿರಿಯ ಎಂಟ್ ಟ್ರೀಬಿಯರ್ಡ್‌ಗೆ ಬಗ್ಗಿ ನಮಸ್ಕರಿಸಿದ. ಆಗಲೇ ಸೊಂಟದ ಕೊಡಲಿ ಜಾರಿ ಠಣ್ಣನೆ ನೆಲಕ್ಕೆ ಬೀಳಬೇಕೇ! ಟ್ರೀಬಿಯರ್ಡ್ ದುರುಗುಟ್ಟಿ ನೋಡಿದ. ಗಿಮ್ಲಿಯ ಗೆಳೆಯ, ಎಲ್ಫ್ ಜನರ ಲೆಗೊಲಾಸ್ ಮುಂದೆ ಬಂದ. ಆ ಕೊಡಲಿ ಶತ್ರುಗಳಿಗೆ, ಮರಗಳಿಗಲ್ಲ ಎಂದ. ಗಿಮ್ಲಿಯನ್ನು ಬಿಟ್ಟು ತಾನೊಬ್ಬನೇ ಕಾಡು ನೋಡಲು ಬರುವುದಿಲ್ಲ ಎಂದೂ ಹೇಳಿದ. ಟ್ರೀಬಿಯರ್ಡ್ ಮೆತ್ತಗಾದ. ಯುದ್ಧ ಮುಗಿದ ಮೇಲೆ ಇಬ್ಬರೂ ಜೊತೆಯಾಗಿಯೇ ಆ ಕಾಡಿಗೆ ಹೋದರು.

ಕಸುಬು ತಂದ ಗುಮಾನಿಯನ್ನು ಒಬ್ಬ ಗೆಳೆಯನ ಮಾತು ಕರಗಿಸಿತು. ನಿಮ್ಮ ಬೀದಿಯ ಮರಕ್ಕೆ ಮಾತು ಬಂದರೆ, ನಿಮ್ಮ ಬಗ್ಗೆ ಏನು ಹೇಳೀತು?