ತೀವ್ರ ನಿಗಾ ಘಟಕದಲ್ಲಿ ಬಾಯಿಯ ಶುಚಿತ್ವ: ರೋಗಿಗಳ ಸಂಬಂಧಿಕರು ಗಮನಿಸಬೇಕಾದ ವಿಷಯ

ಕುಮಟಾ ತಾಲ್ಲೂಕಿನ ಯಾಣದಂತಹ ಘಟ್ಟದಂಚಿನ ಗ್ರಾಮದಲ್ಲಿ ಒಬ್ಬರು ತೀವ್ರ ಅಸ್ವಸ್ಥರಾಗಿ, ಉಸಿರಾಟಕ್ಕೆ ಯಂತ್ರದ ನೆರವು ಬೇಕಾದಲ್ಲಿ, ಅವರನ್ನು ಬಹುಮಟ್ಟಿಗೆ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಸಾಗಿಸಲಾಗುತ್ತದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟ್ ಬಳಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟ ನಂತರ, ಉತ್ತರ ಕನ್ನಡ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಬೇಡಿಕೆ ತೀವ್ರಗೊಂಡಿತು. ಈ ಚರ್ಚೆಯಲ್ಲಿ ದೂರ, ಹಾಸಿಗೆ, ಯಂತ್ರಗಳ ಪ್ರಸ್ತಾಪವೇ ಮುಂದಿರುವುದು ಸಹಜ. ಹಾಸಿಗೆ ದೊರೆತ ನಂತರ ಎದುರಾಗುವ ಒಂದು ಅಪಾಯ ಮಾತ್ರ ಅಷ್ಟಾಗಿ ಗಮನಕ್ಕೆ ಬಂದಿರುವುದಿಲ್ಲ.

ವೆಂಟಿಲೇಟರ್‌ನ ಕೊಳವೆಯನ್ನು ಸಾಮಾನ್ಯವಾಗಿ ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸಲಾಗಿರುತ್ತದೆ. ಪ್ರಜ್ಞೆಯಿಲ್ಲದ ರೋಗಿಯು ಉಗುಳನ್ನು ನುಂಗಲಾರರು, ಸರಿಯಾಗಿ ಕೆಮ್ಮಲಾರರು. ಬಾಯಿ ಸದಾ ತೆರೆದಿದ್ದು ಒಣಗುತ್ತದೆ. ಹಲ್ಲು, ನಾಲಿಗೆಗಳ ಮೇಲೆ ಕಟ್ಟಿದ ಕೊಳೆಯಲ್ಲಿ ರೋಗಾಣುಗಳು ಬೆಳೆದು, ಉಗುಳಿನೊಡನೆ ಕೊಳವೆಯ ಪಕ್ಕದಿಂದ ಸ್ವಲ್ಪಸ್ವಲ್ಪವೇ ಶ್ವಾಸಕೋಶಕ್ಕೆ ಜಾರುತ್ತವೆ. ಯಂತ್ರಕ್ಕೆ ಅಳವಡಿಸಿ 48 ಗಂಟೆಗಳ ನಂತರ ಕಾಣಿಸಿಕೊಳ್ಳುವ ನ್ಯುಮೋನಿಯಾಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಮೂಲ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದವರೂ ಇದರಿಂದ ಪ್ರಾಣಾಪಾಯಕ್ಕೆ ಸಿಲುಕುವುದುಂಟು.

ಹಲವು ವರ್ಷಗಳ ಕಾಲ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಒರೆಸುವುದೇ ರೂಢಿಯಲ್ಲಿತ್ತು. ಈ ದ್ರಾವಣವು ಸಾವಿನ ಸಂಭವವನ್ನು ಹೆಚ್ಚಿಸಬಹುದೆಂಬ ಶಂಕೆಯಿಂದ, ಅಮೆರಿಕದ ತಜ್ಞ ಸಂಘಗಳು 2022ರ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಟ್ಟು, ಹಲ್ಲುಜ್ಜುವುದನ್ನು ಅಗತ್ಯ ಕ್ರಮವೆಂದು ಪರಿಗಣಿಸಿದವು. 15 ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬ್ರಷ್‌ನಿಂದ ಹಲ್ಲುಜ್ಜಿದ ರೋಗಿಗಳಲ್ಲಿ ಆಸ್ಪತ್ರೆಯಲ್ಲಿ ತಗಲುವ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಿತ್ತು. ತೀವ್ರ ನಿಗಾ ಘಟಕದಲ್ಲಿನ ಮರಣವೂ ಕಡಿಮೆಯಿತ್ತು. ದಿನಕ್ಕೆ 2 ಬಾರಿ ಉಜ್ಜಿದರೆ ಸಾಕೆಂದೂ ಕಂಡುಬಂದಿದೆ. ಲಕ್ಷಾಂತರ ರೂಪಾಯಿಯ ಯಂತ್ರದ ಪಕ್ಕದಲ್ಲಿ ಮಕ್ಕಳ ಬ್ರಷ್ಷೊಂದು ಇಷ್ಟು ಕೆಲಸ ಮಾಡುವುದು ಸಣ್ಣ ಸಂಗತಿಯಲ್ಲ. ದಾದಿಯರ ಕೊರತೆಯಿರುವಲ್ಲಿ ಮೊದಲು ಕೈಬಿಟ್ಟುಹೋಗುವ ಕೆಲಸವೂ ಬಹುಶಃ ಇದೇ.

ಹಲ್ಲುಜ್ಜುವ ಕಾರ್ಯವನ್ನು ತರಬೇತಾದ ದಾದಿಯರೇ, ತಲೆಯ ಭಾಗವನ್ನು ಎತ್ತರಿಸಿ, ಉಗುಳನ್ನು ಯಂತ್ರದಿಂದ ಹೀರಿ ತೆಗೆಯುತ್ತಾ ನಿರ್ವಹಿಸಬೇಕಾಗುತ್ತದೆ. ದಿನಕ್ಕೆ ಎಷ್ಟು ಬಾರಿ ಮಾಡಲಾಗುತ್ತಿದೆ ಎಂದು ಸಂಬಂಧಿಕರು ವಿಚಾರಿಸಬಹುದು. ಕೃತಕ ದಂತಪಂಕ್ತಿ, ಅಲುಗಾಡುವ ಹಲ್ಲು, ಕವಳ ಹಾಕುವ ಅಭ್ಯಾಸ ಇದ್ದಲ್ಲಿ ಆಂಬುಲೆನ್ಸ್ ಹತ್ತಿಸುವ ಮುನ್ನವೇ ವೈದ್ಯರಿಗೆ ತಿಳಿಸತಕ್ಕದ್ದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರಾಗಲಿ, ತೀರ್ಥವಾಗಲಿ ಹಾಕಬಾರದು. ಅದು ನೇರವಾಗಿ ಶ್ವಾಸಕೋಶಕ್ಕೆ ಇಳಿಯುವ ಸಂಭವವಿರುತ್ತದೆ. ತುಟಿ ಒದ್ದೆ ಮಾಡಬೇಕೆನಿಸಿದಲ್ಲಿ ಕರ್ತವ್ಯದಲ್ಲಿರುವ ದಾದಿಯರನ್ನು ಕೋರುವುದು.